ಎರಡೂ ಊರಿಗೆ ಬಲಗಡೆ ಹೂ

ನನ್ನ ಗಂಡನಿಗೆ ಫಾರಿನ್ ಟೂರ್ ಬಂದಿದೆ ಎಂದು ಇಡೀ ಸಿರಾಕ್ಕೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ನಮ್ಮ ಮನೆಯ ಪದ್ಧತಿಯೇ ಅದು. ತಿಮ್ಮರಾಜು ಎಂಬ ಈ ಮಹಾನುಭಾವರು ಪೇಂಟ್ ಅಂಗಡಿ ಇಟ್ಟುಕೊಂಡು ಊರವರ ಜೊತೆ ದಿನವಿಡೀ ಹರಟುತ್ತಾರೆ, ಮನೆಗೆ ಬಂದ ತಕ್ಷಣ ಬಾಯಿಗೆ ಬೀಗ. ಕೇಳಿದರೆ ‘ಹೂಂ’, ಇನ್ನೊಂದು ಸಲ ಕೇಳಿದರೆ ‘ಸಾರು ಬಡಿಸು’.

ಕೊನೆಗೆ ವಿಷಯ ಹೇಳಿದವನು ಪೇಂಟ್ ಕಂಪನಿಯ ಸೇಲ್ಸ್ ಹುಡುಗ ನವೀನ್ ಕುಮಾರ್. ನನ್ನ ಪಾಸ್‌ಪೋರ್ಟ್ ಜೆರಾಕ್ಸ್ ಕೇಳಿಕೊಂಡು ಮನೆಗೆ ಬಂದಿದ್ದ. ಹೋದ ವರ್ಷ ನಮ್ಮ ಅಂಗಡಿಯಲ್ಲಿ ಮಾಲು ಚೆನ್ನಾಗಿ ಖರ್ಚಾಗಿತ್ತಂತೆ. ಅದಕ್ಕೆ ಕಂಪನಿಯವರು ಗಂಡ ಹೆಂಡತಿ ಇಬ್ಬರನ್ನೂ ಸ್ಪೇನ್ ದೇಶಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಡೀಲರುಗಳದು ಎರಡು ತಂಡ. ಒಂದು ಮ್ಯಾಡ್ರಿಡ್‌ಗೆ, ಇನ್ನೊಂದು ಬಾರ್ಸಿಲೋನಾಗೆ. ಯಾವುದು ಬೇಕೆಂದು ಭಾನುವಾರದೊಳಗೆ ಹೇಳಬೇಕು.

"ಸಮುದ್ರ ಯಾವ ಊರಲ್ಲಿದೆ ನವೀನ್?" ಎಂದು ಕೇಳಿದೆ.

"ಬಾರ್ಸಿಲೋನಾದಲ್ಲಿ ಮೇಡಂ. ಊರು ಮುಗಿದ ತಕ್ಷಣ ಸಮುದ್ರಾನೇ. ಮ್ಯಾಡ್ರಿಡ್ಡು ದೇಶದ ನಟ್ಟನಡುವೆ ಇದೆ."

"ಹಂಗಾದ್ರೆ ಬಾರ್ಸಿಲೋನಾ ಅಂತ ಬರ್ಕೊ."

ಹುಡುಗ ತಲೆ ಕೆರೆದುಕೊಂಡ. "ಸಾರ್ ಆಗ್ಲೇ ಮ್ಯಾಡ್ರಿಡ್ ಅಂದ್ಬುಟ್ರು ಮೇಡಂ."

ನನಗೆ ಪಿತ್ತ ನೆತ್ತಿಗೇರಿತು. ಏಕೆಂದು ಹೇಳಿಬಿಡುತ್ತೇನೆ. ನನಗೆ ಐವತ್ತು ಹತ್ತಿರ ಬಂತು, ನಾನು ಸಮುದ್ರ ನೋಡಿಲ್ಲ. ಹುಟ್ಟಿದ್ದು ಪಾವಗಡ ತಾಲ್ಲೂಕಿನಲ್ಲಿ, ನಾಗಲಮಡಿಕೆಯಿಂದ ಅಷ್ಟೇನೂ ದೂರವಿಲ್ಲದ ಹಳ್ಳಿ. ಅಲ್ಲಿ ಕೆರೆ ತುಂಬಿದರೆ ಶಾಲೆಗೆ ರಜಾ ಕೊಟ್ಟು ನೋಡಲು ಕಳಿಸುತ್ತಿದ್ದರು. ಮದುವೆಯಾಗಿ ಬಂದದ್ದು ಸಿರಾಕ್ಕೆ. ಮದುವೆಯಾದ ಹೊಸತರಲ್ಲಿ, ಒಂದು ಸಲ ಸಮುದ್ರ ತೋರಿಸಿ ಎಂದೆ. "ನಾನು ಮಂಗ್ಳೂರಲ್ಲಿ ನೋಡಿದೀನಿ ಕಣೆ, ಏನೂ ಇಲ್ಲ. ನಮ್ಮ ಕೆರೆ ಇದ್ದಂಗೇ, ಆಚೆ ದಡ ಕಾಣಲ್ಲ ಅಷ್ಟೇ" ಎಂದರು. ಆಮೇಲೆ ಮಗಳು ಹುಟ್ಟಿದಳು, ಅಂಗಡಿ ದೊಡ್ಡದಾಯಿತು, ದೀಪಾವಳಿ ಸೀಸನ್ನು, ಮದುವೆ ಸೀಸನ್ನು. ಕೇಳಿದಾಗಲೆಲ್ಲ "ಸಮುದ್ರ ಎಲ್ಲಿಗೆ ಹೋಗ್ತದೆ, ಅಲ್ಲೇ ಇರ್ತದೆ" ಎಂಬ ಉತ್ತರ ರೆಡಿ. ಅದು ಅಲ್ಲೇ ಇತ್ತು. ನಾನೂ ಇಲ್ಲೇ ಇದ್ದೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನೇರವಾಗಿ ಕೇಳಿದೆ. "ಯಾಕೆ ಮ್ಯಾಡ್ರಿಡ್ಡು?"

"ರಾಜಧಾನಿ ಕಣೆ ಅದು! ಅರಮನೆ ಐತಂತೆ. ದೊಡ್ಡ ದೊಡ್ಡ ಚಿತ್ರ ತೂಗಾಕಿರೋ ಮ್ಯೂಸಿಯಂ ಐತಂತೆ. ಪೇಂಟ್ ಮಾರೋನು ಅದನ್ನ ನೋಡದೆ ಇನ್ನೇನು ನೋಡ್ಲಿ? ಊರೂ ನಮ್ಮಂಗೇ ಬಯಲುಸೀಮೆ. ಬ್ಯಾಸಿಗೇಲಿ ಬಿಸಿಲು, ಚಳಿಗಾಲದಲ್ಲಿ ಚಳಿ."

"ಬಯಲುಸೀಮೆ ನೋಡೋಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು? ಬರಗೂರಿಗೆ ಬಸ್ಸಿದೆ."

ಬರಗೂರು ಅವರ ಹುಟ್ಟೂರು. ಮುದ್ದೆ ಮುರಿಯುತ್ತಿದ್ದವರು ತಟ್ಟೆ ಸರಿಸಿ ಕೈ ತೊಳೆಯಲು ಎದ್ದರು.

ಮಾರನೆಯ ದಿನದಿಂದ ಅಂಗಡಿಯಲ್ಲಿ ಇದೇ ಚರ್ಚೆ. ನಾನು ಬುತ್ತಿ ಕೊಡುವ ನೆಪದಲ್ಲಿ ಹೋಗಿ ಕೂರುತ್ತಿದ್ದೆ. ಪೇಂಟರ್ ಇಮ್ತಿಯಾಜ್ ನನ್ನ ಪಾರ್ಟಿ. ಫುಟ್‌ಬಾಲ್ ಹುಚ್ಚಿನವನು, ಬೇಸಿಗೆಯಲ್ಲೂ ಬಾರ್ಸಿಲೋನಾದ ನೀಲಿ ಕೆಂಪು ಪಟ್ಟೆಯ ಬನಿಯನ್ನು ಹಾಕಿಕೊಂಡೇ ಗೋಡೆಗೆ ಸುಣ್ಣ ಬಳಿಯುತ್ತಾನೆ. "ಅಣ್ಣಾ, ಬಾರ್ಸಿಲೋನಾ ಅಂದ್ರೆ ಜಬರ್ದಸ್ತ್! ಮ್ಯಾಡ್ರಿಡ್‌ಗೆ ಹೋದ್ರೆ ನಾನು ನಿಮ್ಮ ಅಂಗಡೀಲಿ ಬ್ರಷ್ ಕೂಡ ತಗೊಳಲ್ಲ" ಎಂದು ಆಣೆ ಇಟ್ಟ. ಕೊರಟಗೆರೆಯಲ್ಲಿ ಟೀಚರ್ ಆಗಿರುವ ಮಗಳು ಶೃತಿ ಫೋನಿನಲ್ಲಿ ಎರಡೂ ಊರನ್ನು ಪಾಠ ಮಾಡಿದಂತೆ ಹೇಳಿದಳು. ಬಾರ್ಸಿಲೋನಾದಲ್ಲಿ ಸಮುದ್ರವಿದೆ, ಆದರೆ ವಿಪರೀತ ಜನ, ಜೇಬುಗಳ್ಳರ ಕಾಟ. ಮ್ಯಾಡ್ರಿಡ್‌ನಲ್ಲಿ ದೊಡ್ಡ ಪಾರ್ಕು, ಅದರೊಳಗೆ ಕೊಳ, ದೋಣಿ. ಅಲ್ಲಿಯವರು ರಾತ್ರಿ ಹತ್ತಕ್ಕೆ ಊಟ ಮಾಡುತ್ತಾರಂತೆ. ಬಾರ್ಸಿಲೋನಾದಲ್ಲಿ ಒಂದು ಚರ್ಚನ್ನು ನೂರ ನಲವತ್ತು ವರ್ಷದಿಂದ ಕಟ್ಟುತ್ತಲೇ ಇದ್ದಾರಂತೆ.

ನಮ್ಮವರಿಗೆ ಅಷ್ಟೇ ಸಾಕಾಯಿತು. "ನೂರ ನಲವತ್ತು ವರ್ಷ! ಯಾವ ಮೇಸ್ತ್ರಿಗೆ ಒಪ್ಸಿದ್ರೋ ಪುಣ್ಯಾತ್ಮರು. ಅಂಥ ಊರಿಗೆ ಹೋಗ್ಬೇಕಾ ನಾವು?"

"ಮಧುಗಿರಿಲಿ ನಿಮ್ಮ ತಂಗಿ ಮನೆ ಕಾಂಪೌಂಡು ಇನ್ನೂ ಮುಗ್ದಿಲ್ಲ. ಅಲ್ಲಿಗೆ ಹೋಗಲ್ವಾ?" ಎಂದೆ. ಇಮ್ತಿಯಾಜ್ ಚಪ್ಪಾಳೆ ತಟ್ಟಿದ. ನನ್ನ ಗಂಡ ಅವನಿಗೆ ಟೀ ಹೇಳಲಿಲ್ಲ.

ಶನಿವಾರ ಬಂದರೂ ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಅವರೇ ಸೋತವರ ಹಾಗೆ ಹೇಳಿದರು. "ನಿಮ್ಮೂರ ರಂಗಪ್ಪನ್ನೇ ಕೇಳ್ಬುಡಾನ. ದೇವ್ರು ಏನು ಅಂತಾನೋ ಅಂಗೇ ಆಗ್ಲಿ."

ನನ್ನ ತವರಿನ ರಂಗಪ್ಪ ಹೂ ಕೊಡುವ ದೇವರು. ಪೂಜಾರಿ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ನಾವು ಮನಸ್ಸಿನಲ್ಲಿ ಇದ್ದದ್ದನ್ನು ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂ ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು. ನಮ್ಮ ಕಡೆ ಹೆಣ್ಣು ಗಂಡು, ಬೋರ್‌ವೆಲ್ಲು, ಸೈಟು, ಎಲ್ಲ ಅಲ್ಲೇ ತೀರ್ಮಾನ. ಭಾನುವಾರ ಬೆಳಿಗ್ಗೆಯೇ ಕಾರು ಹತ್ತಿದೆವು.

ಪೂಜಾರಿ ಸಣ್ಣರಂಗಯ್ಯ ನನ್ನನ್ನು ಎತ್ತಿ ಆಡಿಸಿದವರು. "ಏಮ್ಮಾ ರಾಧಾ, ಬಾಗುನ್ನಾವಾ? ಅಳಿಯಂದ್ರೂ ಬಂದ್ಬುಟ್ಟವ್ರೆ, ಏನು ವಿಷ್ಯ?" ಎಂದು ನಮ್ಮ ಗಡಿಸೀಮೆಯ ತೆಲುಗು ಬೆರೆಸಿ ಕ್ಷೇಮ ವಿಚಾರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಅವರು ಊರುಗಳ ಹೆಸರನ್ನು ನಿಧಾನವಾಗಿ ಹೇಳಿಸಿಕೊಂಡು, ವಿಗ್ರಹದ ಕಡೆ ತಿರುಗಿ, "ಸರಿ. ಒಂದೂರು ಬಲಕ್ಕೆ, ಒಂದೂರು ಎಡಕ್ಕೆ ಇಟ್ಕಳಿ" ಎಂದರು.

"ಮ್ಯಾಡ್ರಿಡ್ಡು ಬಲಕ್ಕೆ" ಎಂದರು ನನ್ನ ಗಂಡ, ತಟಕ್ಕನೆ.

"ಅದು ಹೆಂಗೆ? ನನ್ನ ಊರು ಎಡಕ್ಕೆ ಯಾಕಿರಬೇಕು? ಎಡ ಅಂದ್ರೆ ಬೇಡ ಅಂತ. ದೇವರು ಎಡಗಡೆ ಕೊಟ್ರೂ ನಾಳೆ ನೀವು ಅಪಶಕುನ ಅಂತೀರಿ. ಬಾರ್ಸಿಲೋನಾ ಬಲಕ್ಕೆ!"

"ಮೊದ್ಲು ಹೇಳ್ದೋನು ನಾನು!"

"ತವರು ನನ್ನದು! ದೇವರು ನನ್ನದು!"

ಗರ್ಭಗುಡಿಯ ಮುಂದೆ ನಮ್ಮ ಜಗಳ ಕೇಳಿ ಹೊರಗೆ ಕೂತಿದ್ದ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಸಣ್ಣರಂಗಯ್ಯ ಎರಡೂ ಕೈ ಎತ್ತಿದರು. "ಉಂಡಂಡಿ, ತಡೀರಿ! ಒಂದೊಂದಾಗೇ ಕೇಳಾನ. ಎರಡಕ್ಕೂ ಬಲಾನೇ ಇಟ್ಕಳಿ. ಯಾವುದಕ್ಕೆ ಕೊಡ್ತಾನೋ ಅದು."

ಮೊದಲು ಮ್ಯಾಡ್ರಿಡ್ ಕೇಳಿದರು. ಹೊಸ ಹೂ ಅಂಟಿಸಿದರು. ಸ್ವಲ್ಪ ಹೊತ್ತಿಗೆ ಬಲಭುಜದ ಸೇವಂತಿಗೆ ಮೆಲ್ಲಗೆ ಜಾರಿ ಬಿತ್ತು. ನಮ್ಮವರು ಕಂಪನಿಯ ಮಾಲೀಕರೇ ಆದವರಂತೆ ನನ್ನ ಕಡೆ ನೋಡಿದರು. ನಾನು ಸಣ್ಣರಂಗಯ್ಯನವರ ಕಡೆ ತಿರುಗಿದೆ.

"ನನ್ನದೂ ಕೇಳಿ ತಾತ" ಎಂದೆ.

ಮತ್ತೆ ಹೊಸ ಹೂ. ನಾನು ಕಣ್ಣು ಮುಚ್ಚಿ, "ರಂಗಪ್ಪಾ, ಒಂದೇ ಒಂದು ಸಲ, ನೀರು ನೋಡೋಕೆ" ಎಂದು ಕೇಳಿಕೊಂಡೆ. ಕಣ್ಣು ಬಿಡುವಷ್ಟರಲ್ಲಿ ಬಲಗಡೆಯ ಹೂ ಕೆಳಗಿತ್ತು. ಬಾಗಿಲ ಹೆಂಗಸರು ಗೋವಿಂದಾ ಎಂದರು.

ಸಣ್ಣರಂಗಯ್ಯ ಎರಡೂ ಹೂವನ್ನು ನಮ್ಮ ಕೈಗೆ ಹಾಕಿ ನಕ್ಕರು. "ಸ್ವಾಮಿ ಎರಡೂ ಊರು ಒಳ್ಳೇವೇ ಅಂದವ್ನೆ. ಇನ್ನು ಗಂಡ ಹೆಂಡ್ತಿ ಮಧ್ಯೆ ಆತ ಯಾಕೆ ಬರ್ತಾನೆ? ನೀವೇ ಬಗೆಹರಿಸ್ಕಳಿ ಹೋಗಿ."

ಕಾರಿನಲ್ಲಿ ವಾಪಸು ಹೊರಟೆವು. ರಸ್ತೆ ಸೋಲಾರ್ ಪಾರ್ಕಿನ ಪಕ್ಕದಲ್ಲೇ ಹಾದುಹೋಗುತ್ತದೆ. ಕಣ್ಣು ಹೋದಷ್ಟು ದೂರ ನೀಲಿ ಹಲಗೆಗಳು, ಬಿಸಿಲಿಗೆ ಫಳಫಳ ಎನ್ನುತ್ತಿದ್ದವು. ನಮ್ಮಣ್ಣನ ಕಡ್ಲೆಕಾಯಿ ಹೊಲವೂ ಅವುಗಳ ಕೆಳಗೇ ಇದೆ, ಗುತ್ತಿಗೆಗೆ ಕೊಟ್ಟಿದ್ದಾನೆ. ನನ್ನ ಗಂಡ ಕಾರು ನಿಲ್ಲಿಸಿ, ಕಿಟಕಿಯಿಂದ ಕೈ ಚಾಚಿ ತೋರಿಸಿದರು.

"ನೋಡು. ನೀಲಿ ಐತೆ, ಹೊಳೀತದೆ, ಆಚೆ ದಡ ಕಾಣಲ್ಲ. ಸಮುದ್ರ ಅಂದ್ರೆ ಇಷ್ಟೇ ಕಣೆ. ತಗೋ, ನೋಡಿದ್ದಾಯ್ತು."

ನಾನು ಬಾಗಿಲು ತೆಗೆದು ಇಳಿದುಬಿಟ್ಟೆ. ರಸ್ತೆಬದಿಯ ಮೋರಿ ಕಟ್ಟೆಯ ಮೇಲೆ ಕೂತೆ. ನಾನು ಗಯ್ಯಾಳಿ, ಒಪ್ಪಿಕೊಳ್ಳುತ್ತೇನೆ, ಆದರೆ ರಸ್ತೆಯಲ್ಲಿ ಅಳುವವಳಲ್ಲ. ಅವತ್ತು ಅತ್ತೆ. ಅವರು ಗಾಬರಿಯಾಗಿ ಇಳಿದು ಬಂದರು.

"ಲೇ, ತಮಾಷೆಗಂದೆ ಕಣೆ. ಏಳು."

"ಏಳಲ್ಲ. ನೀವು ನೋಡಿದೀರಲ್ಲ, ಹೇಳಿ ಹಂಗಾದ್ರೆ. ಅದು ಸದ್ದು ಮಾಡುತ್ತಾ? ವಾಸನೆ ಹೆಂಗಿರುತ್ತೆ? ಕಾಲಿಟ್ರೆ ತಣ್ಣಗಿರುತ್ತಾ, ಬೆಚ್ಚಗಿರುತ್ತಾ? ಇಷ್ಟು ವರ್ಷದಲ್ಲಿ ಅಷ್ಟಾದರೂ ಹೇಳಿದೀರಾ ನಂಗೆ?"

ಅವರು ಹಲಗೆಗಳ ಕಡೆ ನೋಡಿದರು. ಆಮೇಲೆ ನನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ಬಹಳ ಸಣ್ಣ ದನಿಯಲ್ಲಿ ಹೇಳಿದರು.

"ನಾನೂ ನೋಡಿಲ್ಲ ಕಣೆ."

ನನಗೆ ಅಳುವುದೇ ಮರೆತುಹೋಯಿತು. "ಏನು?"

"ಹೆಣ್ಣು ನೋಡಾಕೆ ಬಂದಾಗ ನಿಮ್ಮಪ್ಪ ಕೇಳಿದ್ರು, ಎಲ್ಲೆಲ್ಲಿ ತಿರುಗಾಡಿದೀಯಪ್ಪ ಅಂತ. ನಾನು ತುಮ್ಕೂರು ದಾಟಿರ್ಲಿಲ್ಲ. ಬಾಯಿಗೆ ಬಂತು, ಮಂಗ್ಳೂರು ಅಂದ್ಬುಟ್ಟೆ. ಆಮ್ಯಾಕೆ ಅಂಗಡೀಲೂ ಅದೇ ಹೇಳ್ಕೊಂಡು ಬಂದೆ. ನಿನ್ನ ಕರ್ಕೊಂಡು ಹೋದ್ರೆ ಬಾಯಿ ಬಿಟ್ಕೊಂಡು ನಿಂತ್ಕತೀನಿ, ನಿನ್ ಕೈಲಿ ಸಿಕ್ಕಾಕ್ಕತೀನಿ. ಬಾರ್ಸಿಲೋನಾಗೆ ಹೋದ್ರೆ ಡೀಲರ್‌ಗಳೆಲ್ಲರ ಮುಂದೇನೇ ಸಿಕ್ಕಾಕ್ಕತೀನಿ. ಅದಕ್ಕೇ ಮ್ಯಾಡ್ರಿಡ್ಡು."

ಕೈಯಲ್ಲಿದ್ದ ವ್ಯಾನಿಟಿ ಬ್ಯಾಗಿನಿಂದ ಬೆನ್ನಿಗೆ ಎರಡು ಬಾರಿಸಿದೆ. ಅವರು ತಲೆ ತಗ್ಗಿಸಿ ಬಾರಿಸಿಕೊಂಡರು. ಆ ಮುಖ ನೋಡಿ ನನಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂಥ ಗಂಡಸು! ಒಂದು ಸುಳ್ಳನ್ನು ಕಾಪಾಡಲು ಇಡೀ ಸಮುದ್ರವನ್ನೇ ಬಿಟ್ಟಿದ್ದ. ನಾನು ನಕ್ಕದ್ದು ನೋಡಿ ಅವರೂ ನಕ್ಕರು, ನಕ್ಕು ಫೋನು ತೆಗೆದರು. "ಆಯ್ತು ಬುಡು. ನವೀನ್‌ಗೆ ಹೇಳ್ತೀನಿ, ಬಾರ್ಸಿಲೋನಾನೇ ಹಾಕು ಅಂತ."

ನಾನು ಫೋನು ಕಿತ್ತುಕೊಂಡೆ. ಆ ಕಡೆ ನವೀನ್ ಹಲೋ ಎನ್ನುತ್ತಿದ್ದ. "ನವೀನ್, ಮ್ಯಾಡ್ರಿಡ್ ಅಂತ ಬರ್ಕೊಪ್ಪ. ಇಬ್ಬರದೂ" ಎಂದು ಇಟ್ಟುಬಿಟ್ಟೆ.

ನನ್ನ ಗಂಡ ನನ್ನನ್ನೇ ನೋಡಿದರು. "ಯಾಕೆ? ನಿನ್ನ ಸಮುದ್ರ?"

"ಮೊದಲನೇ ಸಲ ಸಮುದ್ರ ನೋಡೋದನ್ನ, ಬಾವುಟ ಹಿಡ್ಕೊಂಡ ಗೈಡ್ ಹಿಂದೆ, ನಿಮ್ಮ ಡೀಲರ್‌ಗಳ ಸಾಲಲ್ಲಿ ನಿಂತು ನೋಡ್ಲಾ? ಹತ್ತು ನಿಮಿಷ ನೋಡಿ, ಬಸ್ ಹತ್ತಿ ಅಂತಾರೆ. ನಿಮ್ಮ ಮ್ಯೂಸಿಯಂ ನೋಡೋಣ, ನಂಗೂ ಆಸೆ ಇದೆ. ಸಮುದ್ರಕ್ಕೆ ನಾವಿಬ್ಬರೇ ಹೋಗೋದು. ನೀವು ಎಷ್ಟು ಬೇಕಾದ್ರೂ ಬಾಯಿ ಬಿಡಿ, ನಾನೂ ಬಿಡ್ತೀನಿ. ನಾಳೆ ಮಂಗ್ಳೂರು."

"ನಾಳೆ ಸೋಮವಾರ ಕಣೆ, ಅಂಗಡಿ..."

ನಾನು ವ್ಯಾನಿಟಿ ಬ್ಯಾಗು ಮತ್ತೆ ಎತ್ತಿದೆ. ಅವರು ಹೋಗಿ ಕಾರಿನ ಬಾಗಿಲು ತೆಗೆದು ಹಿಡಿದುಕೊಂಡರು.

ಸೋಮವಾರ ಬೆಳಗಾಗುವ ಮುಂಚೆ ಹೊರಟೆವು. ಹಾಸನದಲ್ಲಿ ತಿಂಡಿ, ಘಾಟಿಯಲ್ಲಿ ನನಗೆ ವಾಂತಿ, ಬಂಟ್ವಾಳದ ಹತ್ತಿರ ಊಟ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಂಗಳೂರಿನ ಪಣಂಬೂರು ಬೀಚಿನಲ್ಲಿ ಕಾರು ನಿಲ್ಲಿಸಿ ಇಳಿದರೆ ಮೊದಲು ಸದ್ದು ಕೇಳಿಸಿತು. ದೊಡ್ಡದೇನೋ ಉಸಿರು ಬಿಡುವ ಹಾಗೆ. ಮರಳಿನಲ್ಲಿ ಚಪ್ಪಲಿ ಕಾಲು ಹೂತುಕೊಂಡು ಏದುಸಿರು ಬಿಡುತ್ತಾ ನಡೆದೆವು. ಆಮೇಲೆ ಅದು ಕಂಡಿತು.

ಅದು ಕೆರೆಯಲ್ಲ. ಸೋಲಾರ್ ಹಲಗೆಯೂ ಅಲ್ಲ. ಏನೆಂದು ಹೇಳಲಿ? ಅದು ಸುಮ್ಮನಿರುತ್ತಲೇ ಇರಲಿಲ್ಲ. ಎದ್ದು, ಬಂದು, ನನ್ನ ಕಾಲು ಮುಟ್ಟಿ, ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತಿತ್ತು. ಬೆಚ್ಚಗಿತ್ತು. ನಾನು ಸೀರೆ ಎತ್ತಿಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ನಿಂತು, ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ ಎಂದುಕೊಂಡೆ. ಮದುವೆಯ ದಿನವೂ ಇಲ್ಲ, ಶೃತಿ ಹುಟ್ಟಿದ ದಿನ ಮಾತ್ರ ಇಷ್ಟು ಖುಷಿಯಾಗಿತ್ತೇನೋ.

ನಮ್ಮವರು ಪ್ಯಾಂಟು ಮಡಿಸಿಕೊಂಡು ಎರಡು ಹೆಜ್ಜೆ ಮುಂದೆ ಹೋಗಿ ಅಲ್ಲೇ ನಿಂತುಬಿಟ್ಟಿದ್ದರು. ಬಾಯಿ ನಿಜಕ್ಕೂ ತೆರೆದೇ ಇತ್ತು. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಇಮ್ತಿಯಾಜ್. ಅಂಗಡಿ ಯಾಕೆ ಮುಚ್ಚಿದೆ, ಬಾಗಿಲ ಮುಂದೆ ಪೇಂಟರುಗಳೆಲ್ಲ ಸೇರಿದ್ದೇವೆ ಎಂದು ಕೇಳುತ್ತಿದ್ದ. ಏನು ಸುಳ್ಳು ಹೇಳುತ್ತಾರೋ ಎಂದು ನಾನು ಕಿವಿಕೊಟ್ಟೆ.

"ಮಂಗ್ಳೂರಾಗಿದೀನಿ ಕಣಯ್ಯ!" ಎಂದು ಅಲೆಗಿಂತ ಜೋರಾಗಿ ಕೂಗಿದರು. "ಸಮುದ್ರ ನೋಡ್ತಾ ಇದೀನಿ! ಇದೇ ಮೊದ್ಲು! ಹೂಂ ಕಣಯ್ಯ, ಇಷ್ಟು ದಿನ ಹೇಳಿದ್ದೆಲ್ಲಾ ಬುರುಡೆ! ಸ್ಪೀಕರ್‌ಗಾಕು, ಎಲ್ಲರಿಗೂ ಕೇಳ್ಲಿ. ನಾನು ಸಮುದ್ರ ನೋಡಿರ್ಲಿಲ್ಲ! ನನ್ನ ಹೆಂಡ್ತಿ ಕರ್ಕೊಂಡ್ಬಂದು ತೋರಿಸಿದ್ಲು!"

ಆ ಕಡೆ ನಗು, ಸಿಳ್ಳೆ, ಗದ್ದಲ. ಇವರೂ ನಗುತ್ತಿದ್ದರು. ಅಲೆ ಬಂದು ಮಡಿಸಿದ ಪ್ಯಾಂಟನ್ನು ತೊಡೆಯವರೆಗೆ ನೆನೆಸಿತು. ಅವರು ಲೆಕ್ಕಿಸದೆ, ಬೀದಿಯಲ್ಲಿ ಒಂದು ದಿನವೂ ಹಿಡಿಯದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ನಾನು ಕೇಳದೇ ಇದ್ದರೂ ಫೋನಿಗೆ ಹೇಳಿದರು.

"ನಾಳೇನೂ ಅಂಗಡಿ ತೆಗೆಯಲ್ಲ."