ಶೆಡ್ಡಿನ ಕೆಮ್ಮು

ಬೆಳಿಗ್ಗೆ ಏಳು ಗಂಟೆಗೆ ಸಾಯಿಲಕ್ಷ್ಮಿ ಫ್ರಿಜ್ಜಿನಿಂದ ಇಂಜೆಕ್ಷನ್ ತೆಗೆದು ಹೊರಗಿಟ್ಟಳು. ಅದು 2018ರ ನವೆಂಬರ್. ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡುಗಳಿಗೆ ಸಂಕ್ರಾಂತಿಯ ಆರ್ಡರ್ ಬಂದಿತ್ತು.

ಮದ್ದಿನ ತಂಪು ಬಿಡಲು ಅರ್ಧ ಗಂಟೆ ಬೇಕು. ಬಿಸಿನೀರಿನಲ್ಲಿ ಅದ್ದಬಾರದು, ಬಿಸಿಲಿಗಿಡಬಾರದು, ಕುಲುಕಬಾರದು. ಎರಡು ವಾರಕ್ಕೊಮ್ಮೆ ಹೊಟ್ಟೆಗೋ ತೊಡೆಗೋ ಚುಚ್ಚಬೇಕು, ಹಿಂದಿನ ಸಲ ಚುಚ್ಚಿದ ಜಾಗ ಬಿಟ್ಟು. ಚುಚ್ಚುವವನು ಗಂಡ ಚೌಡೇಶ್. ಮಡಕಶಿರಾ ಕಡೆಯ ಅಮರಾಪುರದಿಂದ ಬಂದು ಅವಳು ಹೊಲಿಯುವ ಶೆಡ್ಡಿನಲ್ಲೇ ಇಸ್ತ್ರಿ ಮಾಡುತ್ತಿದ್ದ. ಬಳ್ಳಾರಿಯ ಆಸ್ಪತ್ರೆಯ ನರ್ಸ್ ಅವನಿಗೆ ಇದನ್ನು ಕಲಿಸಿದ್ದಳು.

ಹಿಂದಿನ ವರ್ಷ ಸಾಯಿಲಕ್ಷ್ಮಿಗೆ ಕತ್ತರಿ ಹಿಡಿಯಲೂ ಆಗುತ್ತಿರಲಿಲ್ಲ. ಸಂಧಿವಾತಕ್ಕೆ ಮಾತ್ರೆಗಳು ಸಾಲದಾದಾಗ ಡಾಕ್ಟರು ಈ ಇಂಜೆಕ್ಷನ್ ಬರೆದರು. ಕೀಲುಗಳ ಉರಿಯೂತ ಇಳಿಸುವ ಮದ್ದು ಸೋಂಕನ್ನು ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಹಾಗಾಗಿ ಮೊದಲು ಕ್ಷಯದ ಪರೀಕ್ಷೆ ಮಾಡಿದ್ದರು, ಇರಲಿಲ್ಲ. ಆಮೇಲೆ ಪ್ರತಿ ಇಂಜೆಕ್ಷನ್ನಿನ ಹಿಂದಿನ ದಿನ ನರ್ಸ್ ಫೋನ್ ಮಾಡುತ್ತಿದ್ದಳು. ಈ ಸಲವೂ ಮಾಡಿದ್ದಳು.

“ಜ್ವರ, ಕೆಮ್ಮು, ಗಾಯ ಏನಾರ ಅದಾವೇನ್ರಿ?”

“ಏನೂ ಇಲ್ರಿ ಸಿಸ್ಟರ್,” ಎಂದಿದ್ದಳು ಸಾಯಿಲಕ್ಷ್ಮಿ.

ಶೆಡ್ಡಿನಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಎನ್ನುತ್ತಿರಲಿಲ್ಲ. ಬಟ್ಟೆಯ ನೀಲಿ ದೂಳು ಗಂಟಲಿಗಿಳಿದು ಎಲ್ಲರೂ ಕೆಮ್ಮುವವರೇ. ಪಕ್ಕದ ಮೆಷಿನ್ನಿನ ಮೈಲಾರಮ್ಮ ಬೆಲ್ಲದ ಚೂರು ಕೊಟ್ಟು, “ಚೀಪು. ಕೆಮ್ಮಲಾರದಾಕಿ ಎಂಥಾ ಟೈಲರ್ರಬೇ?” ಎಂದು ನಗುತ್ತಿದ್ದಳು.

ಆದರೆ ಸಾಯಿಲಕ್ಷ್ಮಿ ತನ್ನ ರವಿಕೆಯ ಬದಿಗಳನ್ನು ಎರಡು ಸಲ ಒಳಗೆ ಹಿಡಿದು ಹೊಲಿದುಕೊಂಡಿದ್ದಳು. ಸಂಜೆಯಾದರೆ ಅವಳ ಮೈ ಬಿಸಿಯೇರುತ್ತಿತ್ತು. ಆ ಬೆಳಿಗ್ಗೆ ಅರ್ಧ ಗಂಟೆ ಕಳೆದರೂ ಚೌಡೇಶ್ ಸ್ಪಿರಿಟ್ ಹತ್ತಿ ಹಿಡಿದುಕೊಂಡು ಕೂತೇ ಇದ್ದ.

“ನರ್ಸಮ್ಮಂಗೆ ಫೋನ್ ಮಾಡಿ ಹೇಳ್ಬಿಡಾನ. ರಾತ್ರಿಯೆಲ್ಲ ಕೆಮ್ತಾ ಇದ್ದೆ.”

“ಅದು ದೂಳಿಂದು. ನೀವು ಕೆಮ್ಮಂಗಿಲ್ಲೇನು?”

“ನನ್ ಅಂಗಿ ಸಡ್ಲ ಆಗಿಲ್ವಲ್ಲ.”

“ಇಸ್ತ್ರಿ ಮಾಡೋರಿಗೆ ಅಳತಿ ಚಿಂತಿ ಯಾಕ್ರಿ? ಅದು ನಮ್ ಕೆಲಸ.”

ಅವನು ನಗಲಿಲ್ಲ. ಅವಳು ಸೆರಗು ಸರಿಸಿ ಹೊಟ್ಟೆಯ ಎಡಬದಿ ತೋರಿಸಿದಳು.

“ಕೆಮ್ಮು ಅಂದ್ರ ಇದನ್ನ ನಿಲ್ಲಸ್ತಾರ. ನಿಂತ್ರ ಬೆರಳು ಮತ್ತ ಮಡಚಿ ಮುಚ್ಚತಾವ. ಹೋದ ವರ್ಷ ನನ್ ತಲಿ ನೀವ ಬಾಚ್ತಿದ್ರಿ. ಅದು ಮತ್ತ ಬ್ಯಾಡ್ರಿ ನನಗ. ಚುಚ್ಚ್ರಿ.”

ಅವನು ಚರ್ಮ ಒರೆಸಿ, ಆರಲು ಬಿಟ್ಟು, ಮಡಿಕೆ ಹಿಡಿದು ಚುಚ್ಚಿದ. ಮದ್ದು ಪೂರ್ತಿ ಇಳಿಯುವವರೆಗೂ ಅವಳು ಕೆಮ್ಮು ತಡೆದುಕೊಂಡಿದ್ದಳು. ಒಂಬತ್ತಕ್ಕೆ ಇಬ್ಬರೂ ಕೆಲಸಕ್ಕೆ ಹೋದರು.

ಎರಡು ವಾರ ತುಂಬುವ ಮೊದಲೇ ಶೆಡ್ಡಿನಲ್ಲಿ ಅವಳ ಕಫದ ಜೊತೆ ರಕ್ತ ಬಂತು. ಹೊಲಿಯುತ್ತಿದ್ದ ಪ್ಯಾಂಟಿಗೆ ಬಿದ್ದ ಕಲೆಯನ್ನು ಅವಳು ಮೊದಲು ಒರೆಸಿದಳು. ಅದೇ ಮಧ್ಯಾಹ್ನ ಚೌಡೇಶ್ ಅವಳನ್ನು ಬಳ್ಳಾರಿಗೆ ಕರೆದೊಯ್ದ.

“ಎಷ್ಟು ದಿನದಿಂದ ಕೆಮ್ಮಮ್ಮ?” ಡಾಕ್ಟರು ಎಕ್ಸ್‌ರೇ ನೋಡುತ್ತ ಕೇಳಿದರು.

“ದಸರಾ ಆದಾಗಿಂದ, ಸಾರ್,” ಎಂದ ಚೌಡೇಶ್. “ಶೆಡ್ಡಲ್ಲಿ ಎಲ್ರೂ ಕೆಮ್ತಾರೆ.”

“ಎಲ್ರೂ ಈ ಇಂಜೆಕ್ಷನ್ ತಗೊಳಲ್ಲಪ್ಪ.”

ಕಫದ ಪರೀಕ್ಷೆಯಲ್ಲಿ ಕ್ಷಯ ಖಚಿತವಾಯಿತು. ಎರಡೂ ಶ್ವಾಸಕೋಶಗಳಿಗೆ ಹರಡಿತ್ತು. ಡಾಕ್ಟರು ಇಂಜೆಕ್ಷನ್ ನಿಲ್ಲಿಸಿ ಕ್ಷಯದ ಮಾತ್ರೆ ಬರೆದರು.

“ಕೈಗೆ ಏನ್ ಕೊಡ್ತೀರಿ ಸಾರ್?” ಸಾಯಿಲಕ್ಷ್ಮಿ ಕೇಳಿದಳು.

“ಮೊದ್ಲು ಎದೆ ವಾಸಿಯಾಗ್ಲಿ. ಆಮೇಲೆ ನೋಡೋಣ.”

ಸಂಕ್ರಾಂತಿಯ ಹೊತ್ತಿಗೆ ಅವಳ ಬಲಗೈ ಬೆರಳುಗಳು ಮತ್ತೆ ಮಡಚಿ ಮುಚ್ಚಿಕೊಂಡವು, ಫೆಬ್ರವರಿಯಲ್ಲಿ ಎಡಗೈಯವು.