ಕರಗಿದ ಕಲ್ಲು

ಸಾಬೂನಿನ ಗಟ್ಟಿಯನ್ನು ತಂತಿಯಿಂದ ಕತ್ತರಿಸುತ್ತಿದ್ದ ಕಿರಿಸೊಸೆ ಅರ್ಧಕ್ಕೇ ಕೈಬಿಟ್ಟು ಗೋಡೆಗೊರಗಿದಳು. ಬಲ ಪಕ್ಕೆಯ ಕೆಳಗೆ ಹಿಡಿದ ನೋವು ಬೆನ್ನು ಹಾದು ಹೆಗಲಿಗೇರಿತ್ತು. ಪಿತ್ತಕೋಶದಲ್ಲಿ ಕಲ್ಲಿದೆ, ಆ ಚೀಲವನ್ನೇ ತೆಗೆಸಿಬಿಡು, ಅದಿಲ್ಲದೆಯೂ ಚೆನ್ನಾಗಿ ಬದುಕಬಹುದು ಎಂದು ಡಾಕ್ಟರಮ್ಮ ಸ್ಕ್ಯಾನ್ ನೋಡಿ ಬಿಡಿಸಿ ಹೇಳಿದ್ದರು.

ಆದರೆ ಈ ಮನೆಯ ಪದ್ಧತಿ ಬೇರೆ. ದಿನವಿಡೀ ಉಪವಾಸ ಕೆಡವಿ, ದೊಡ್ಡ ಲೋಟ ಎಣ್ಣೆಗೆ ನಿಂಬೆರಸ ಹಿಂಡಿ ಕುಡಿಸುವುದು. ಮರುದಿನ ಹೊಟ್ಟೆಯಿಂದಿಳಿದ ಹಸಿರು ಉಂಡೆಗಳನ್ನು ತೊಳೆದು, ಕಲ್ಲು ಬಿತ್ತೆಂದು ಬಂದವರಿಗೆಲ್ಲ ತೋರಿಸುವುದು. ಫ್ರಿಜ್ಜಿನ ಮೂಲೆಯಲ್ಲಿ ಅತ್ತೆಯ ಸೀಸೆ ತುಂಬ ಅವೇ.

ಅತ್ತೆ ಲೋಟ ತಂದರು. "ಏಳಮ್ಮ, ಮೂಗು ಮುಚ್ಕೊಂಡು ಕುಡಿದ್ಬಿಡು. ದೊಡ್ಡ ಸೊಸೆ ಒಂದೇ ಉಸಿರಿಗೆ ಕುಡಿದಿದ್ಳು."

"ಅಕ್ಕ ಕುಡಿದು ಆರನೇ ದಿನಕ್ಕೆ ತೀರ್ಕೊಂಡ್ರಲ್ಲ, ಅತ್ತೆ."

"ಅದು ಕಾಮಾಲೆ. ಕಲ್ಲು ಇಪ್ಪತ್ತಾರು ಬಂದಿತ್ತು. ನಾನೇ ಎಣಿಸಿದೀನಿ."

ಸಾಬೂನಿಗೆ ಕಾಗದ ಸುತ್ತುತ್ತಿದ್ದ ಗಂಡ ತಲೆಯೆತ್ತಲಿಲ್ಲ. "ಬೀದಿಯವರೆಲ್ಲ ಕುಡೀತಾರೆ. ನಿನ್ನ ಹೊಟ್ಟೆಗೇನು ಕೊಂಬಿದೆಯಾ?"

ಅವಳು ಎದ್ದು ಸೀಸೆ ತಂದಳು. ಒಂದು ಉಂಡೆಯನ್ನು ಬಿಸಿನೀರಿನ ಬಟ್ಟಲಿಗೆ ಹಾಕಿ ಎಲ್ಲರ ನಡುವೆ ಇಟ್ಟಳು. ಉಂಡೆ ಮೆತ್ತಗಾಯಿತು, ಜಾರಿತು, ನೀರಿನ ಮೇಲೆ ಹಸಿರು ಎಣ್ಣೆಯಾಗಿ ಹರಡಿತು. ಮೂರು ತಲೆಮಾರು ಎಣ್ಣೆಯನ್ನು ಸಾಬೂನು ಮಾಡಿಯೇ ಉಂಡ ಮನೆ; ಒಬ್ಬರಾದರೂ ಇಷ್ಟು ಮಾಡಿ ನೋಡಿರಲಿಲ್ಲ. ಹಿರಿಯರು ಕಲ್ಲೆಂದರು, ಕಲ್ಲಾಯಿತು.

"ಬಿಸಿನೀರಿಗೆ ಕಲ್ಲು ಕರಗುತ್ತಾ, ಅತ್ತೆ? ನೀವು ಕುಡಿಸಿದ ಎಣ್ಣೇನೇ ಹೊಟ್ಟೇಲಿ ಸಾಬೂನಾಗಿ ಬಂದಿದೆ. ಅಕ್ಕನ ಕಲ್ಲು ಒಳಗೇ ಇತ್ತು. ಎಣ್ಣೆ ಇಳಿದ್ರೆ ಪಿತ್ತದ ಚೀಲ ಹಿಂಡ್ಕೊಳ್ಳುತ್ತೆ, ಕಲ್ಲು ಜಾರಿ ನಾಳದಲ್ಲಿ ಸಿಕ್ಕೊಂಡ್ರೆ ಕಾಮಾಲೆ, ಜ್ವರ ಅಂತ ಡಾಕ್ಟರಮ್ಮ ಹೇಳಿದ್ರು. ಕಣ್ಣು ಹಳದಿಯಾದಾಗಲಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ..."

"ಹಾಗಾದ್ರೆ ನಾನು ಕೊಂದೆ ಅಂತೀಯಾ?" ಅತ್ತೆ ಲೋಟವನ್ನು ನೆಲಕ್ಕಿಟ್ಟರು.

"ಗೊತ್ತಿಲ್ದೆ ಮಾಡಿದ್ರಿ. ಇನ್ನೊಂದು ಸಲ ಕೊಟ್ರೆ ಗೊತ್ತಿದ್ದೂ ಕೊಟ್ಟ ಹಾಗೆ."

ಅತ್ತೆ ಬಟ್ಟಲನ್ನೇ ನೋಡುತ್ತ ಕೂತುಬಿಟ್ಟರು. ಅವಳು ಸ್ಕ್ಯಾನ್ ಚೀಟಿಯನ್ನೂ ಎರಡು ಸೀರೆಯನ್ನೂ ಚೀಲಕ್ಕೆ ಹಾಕಿದಳು. ಪೆಟ್ಟಿಗೆಯ ತಳದಿಂದ ಒಂದು ಲಕೋಟೆಯನ್ನೂ ತೆಗೆದಳು. ಮಗಳು ಏನಾಗಿ ಸತ್ತಳು, ಈಗ ಅವಳ ತಂಗಿಗೂ ಅದೇ ನೋವು, ನಿಮ್ಮ ಔಷಧಿ ಹೇಗೆ ಮಾಡುವುದು ಎಂದು ಹಿರಿಸೊಸೆಯ ತಾಯಿ ಬರೆದು ಕೇಳಿ ಎರಡು ತಿಂಗಳಾಗಿತ್ತು. ಇವಳು ಅಂದೇ ಉತ್ತರ ಬರೆದು ಈ ಲಕೋಟೆಗೆ ಹಾಕಿದ್ದಳು. ಕಳಿಸಲು ಗಂಡ ಬಿಟ್ಟಿರಲಿಲ್ಲ.

ಈಗಲೂ ಅವನು ಬಾಗಿಲಿಗೆ ಅಡ್ಡ ಬಂದ. "ಮನೆ ಮರ್ಯಾದೆ ಬೀದಿಗೆ ಹಾಕ್ತೀಯಾ?"

"ಅಕ್ಕನ ಹೆಣ ಎತ್ತಿದಾಗಲೇ ಹೋಯ್ತು ಅದು. ದಾರಿ ಬಿಡಿ."

ಅವನು ತಾಯಿಯ ಕಡೆ ನೋಡಿದ. ತಾಯಿ ಸೀಸೆಯಿಂದ ಇನ್ನೊಂದು ಉಂಡೆ ತೆಗೆದು ಬಟ್ಟಲಿಗೆ ಹಾಕುತ್ತಿದ್ದರು. ಅವನು ಪಕ್ಕಕ್ಕೆ ಸರಿದ.

ಅಂಚೆಪೆಟ್ಟಿಗೆಯ ಮುಂದೆ ಒಂದು ಕೈಯಲ್ಲಿ ಪಕ್ಕೆ ಒತ್ತಿಕೊಂಡೇ ನಿಂತು, ಲಕೋಟೆಯ ಬೆನ್ನಿಗೆ ದಪ್ಪ ಅಕ್ಷರದಲ್ಲಿ ಬರೆದಳು: "ಎಣ್ಣೆ ಕುಡಿಸಬೇಡಿ. ಈವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ನಾನೂ ಆಸ್ಪತ್ರೆಗೇ ಹೊರಟಿದ್ದೇನೆ." ಆಮೇಲೆ ಅದನ್ನು ಪೆಟ್ಟಿಗೆಯ ಬಾಯೊಳಗೆ ಬಿಟ್ಟಳು.