ದಪ್ಪ ಮೊಳೆಯ ಹೆಸರು

ಸತ್ತ ಅಪ್ಪನ ಹೆಬ್ಬೆರಳಿಗೆ ಸೀಗೆಪುಡಿ ಹಚ್ಚಿ ಉಜ್ಜುತ್ತಿದ್ದ ಅಂತರಘಟ್ಟಮ್ಮನಿಗೆ ಒಳಗೊಳಗೇ ಒಂದು ಅಳುಕು. ಬೆಳಗಿನಿಂದ ಕಣ್ಣಲ್ಲಿ ಹನಿ ನೀರು ಬಂದಿಲ್ಲ. ಬಿ.ಎ. ಓದಿದ ಮಗಳು ಕಲ್ಲಾಗಿದ್ದಾಳೆಂದು ಜನ ಆಡಿಕೊಂಡಾರು. ಮನಸ್ಸಿನಲ್ಲಿದ್ದುದನ್ನು ಡೈರಿಯಲ್ಲಾದರೆ ಬರೆದಾಳು, ಬಾಯಿಬಿಟ್ಟು ಹೇಳುವುದು ಅವಳಿಂದಾಗದು.

"ಬಿಡೇ ಅಂತ್ರವ್ವ, ಅದು ಪ್ರೆಸ್ಸಿನ ಮಸಿ," ಎಂದಳು ಚಿಕ್ಕಮ್ಮ ಹೊನ್ನೂರಮ್ಮ. "ಚರ್ಮ ಸುಲಿದ್ರೆ ಹೋದಾತು."

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಸೋದರಮಾವ ದಾಸಪ್ಪ ತಲೆಯೆತ್ತಿದ. "ಹೊನ್ನಾಳಿಯೋರ ಲಗ್ನಪತ್ರಿಕೆ ಎಲ್ಲಾ ಭಾವನೇ ಜೋಡಿಸಿದ್ದು. ಒಂದು ಮದುವೇಗಾದ್ರೂ ಹೋಗಿ ಉಂಡ್ನಾ?"

"ಕರೀಬೇಕಲ್ಲ!" ಎಂದಳು ಹೊನ್ನೂರಮ್ಮ.

*

ಅಂದು ಬಿ.ಎ. ಪಾಸಾದ ಸುದ್ದಿ ಹೇಳಲು ಅವಳು ಪ್ರೆಸ್ಸಿಗೆ ಹೋಗಿದ್ದಳು. ಅಪ್ಪ ಹನುಮಂತಪ್ಪ ಮೇಲಿನ ಗೂಡಿನಿಂದ ಸೀಸದ ಅಕ್ಷರದ ಮೊಳೆಯೊಂದನ್ನು ತೆಗೆದು ಬೆಳಕಿಗೆ ಹಿಡಿದ. ಹೊಟ್ಟೆ ದಪ್ಪ, ಸೊಂಟ ನೂಲಿನಷ್ಟು ತೆಳು, ಗೆರೆ ಮುಗಿಯುವಲ್ಲೆಲ್ಲ ಪುಟ್ಟ ಪಾದ.

"ನೋಡವ್ವ, ಹೆಂಗೆ ಕಾಲೂರಿ ನಿಂತೈತೆ! ಹಾದೀಲಿ ಹೋಗೋರ್ನ ತಡೆದು ನಿಲ್ಲಿಸ್ತೈತೆ. ಟಾಕೀಸಿಗೆ, ಎಲೆಕ್ಷನ್ನಿಗೆ, ಮದುವೆ ಮಾಡ್ಸೋ ದೊಡ್ಡೋರ ಹೆಸ್ರಿಗೆ ಈ ದಪ್ಪ ಮೊಳೆ. ಉಳಿದೋರಿಗೆ ತೆಳು ಮೊಳೆ."

"ನಮ್ಮ ಹೆಸ್ರಿಗೆ?"

ಅವನು ಬಾಗಿಲ ಕಡೆ ನೋಡಿದ. ಮಾಲೀಕರು ಊಟಕ್ಕೆ ಹೋಗಿದ್ದರು. ಮಗಳ ಹೆಸರನ್ನು ದಪ್ಪ ಮೊಳೆಯಲ್ಲಿ ಜೋಡಿಸಿ, ಮಸಿ ಸವರಿ, ಅವಳ ಅಂಗೈಗೆ ಒತ್ತಿದ. ಅಂಗೈ ಸಾಲದೆ ಹೆಸರು ಮಣಿಕಟ್ಟಿಗಿಳಿಯಿತು.

"ಉದ್ದನ್ನ ಹೆಸ್ರಿಟ್ಟು ಕೆಟ್ಟೆ," ಎಂದು ನಕ್ಕು, ಮೊಳೆಗಳನ್ನು ಗಡಿಬಿಡಿಯಿಂದ ಗೂಡಿಗೆ ಸೇರಿಸಿದ.

*

ಸಾವಿನ ಮನೆಗೆ ಬಂದ ಪ್ರೆಸ್ಸಿನ ಮಾಲೀಕ ಷಣ್ಮುಖಪ್ಪ ಅಂಗಳದ ಅಂಚಿನಲ್ಲೇ ನಿಂತರು. ಅವರ ಕಣ್ಣು ಕೆಂಪಾಗಿತ್ತು.

"ಹನುಮಂತ ಇಲ್ಲ, ಈ ಹಾಳೆಗೆ ನಾನೇ ಮೊಳೆ ಜೋಡಿಸ್ದೆ ಕಣಮ್ಮ. ಊರ ಗೋಡೆಗೆಲ್ಲ ಹಚ್ಚಿಸ್ತೀನಿ. ತಿಥಿ ಕಳೆದ್ಮೇಲೆ ಪ್ರೂಫ್ ನೋಡಾಕೆ ನೀನೇ ಬಾ, ಕೆಲಸ ಐತೆ."

ಹತ್ತಿರ ಹೋದ ಅವಳಿಗೆ ಸಂತಾಪದ ಹಾಳೆಯೊಂದನ್ನು ಕೊಟ್ಟರು. ಮಸಿ ಇನ್ನೂ ಹಸಿ. ಹಾಳೆಯ ನೆತ್ತಿಯಲ್ಲಿ ಶ್ರೀ ಷಣ್ಮುಖಪ್ಪನವರು ದಪ್ಪಗೆ ಕಾಲೂರಿ ನಿಂತಿದ್ದರು. ಅವರ ಪ್ರೆಸ್ಸಿನ ನೌಕರ ಹನುಮಂತಪ್ಪ ತೀರಿಕೊಂಡದ್ದು ಕೆಳಗೆ, ತೆಳು ಮೊಳೆಯಲ್ಲಿ. ಕೇಡು ಬಗೆದದ್ದಲ್ಲ, ಅವರ ಕೈ ರೂಢಿಯ ಗೂಡಿಗೇ ಹೋಗಿತ್ತು. ಅವಳ ಒದ್ದೆ ಅಂಗೈ ತಾನಾಗಿ ಮೇಲಿನ ಹೆಸರನ್ನು ಮುಚ್ಚಿತು.

ಹೊನ್ನೂರಮ್ಮನಿಗೆ ಓದು ಬಾರದು. "ಕೈ ತೆಗಿಯೇ, ನೋಡಾಣ," ಎಂದು ಮುಂಗೈ ಹಿಡಿದೆಳೆದಳು. "ಯಪ್ಪಾ, ಎಷ್ಟು ದಪ್ಪಕ್ಕೈತೆ! ಇದೇ ನಮ್ಮ ಭಾವನ ಹೆಸ್ರಾ? ಕೊನೇಗಾದ್ರೂ ಬಂತಲ್ಲವ್ವ!"

ನೆರೆದವರು ಕತ್ತು ಚಾಚಿದರು. ಹೂಂ ಅಂದರೆ ಸಾಕಿತ್ತು, ಕೆಲಸವೂ ಉಳಿಯುತ್ತಿತ್ತು. ಷಣ್ಮುಖಪ್ಪ ಹಾಳೆಯನ್ನು ಆಗಷ್ಟೇ ನೋಡುವವರಂತೆ ಬಗ್ಗಿ ನೋಡಿದರು.

ಅಂತರಘಟ್ಟಮ್ಮ ಅಂಗೈ ಬಿಚ್ಚಿದಳು. ಅದರ ತುಂಬ ಆ ದಪ್ಪ ಹೆಸರು ತಿರುಗುಮುರುಗಾಗಿ ಹತ್ತಿಕೊಂಡಿತ್ತು. ತೆಳು ಅಕ್ಷರದ ಗುರುತೂ ಇರಲಿಲ್ಲ.

"ಅಲ್ಲ ಚಿಕ್ಕಮ್ಮ," ಎಂದಳು, ಅಂಗಳಕ್ಕೆಲ್ಲ ಕೇಳುವಂತೆ. "ಇದು ಸಾವ್ಕಾರ್ರ ಹೆಸ್ರು. ಸತ್ತಿರೋದು ನಮ್ಮಪ್ಪ."